ನೆನೆಹಾಕಿದ ಕಾಗದ

ಈ ಅಧ್ಯಾಯವನ್ನು ಬರೆಯದೆ ದಾಟಿಬಿಡಬಹುದೇ ಎಂದು ನಾನು ಎರಡು ಸಲ ನೋಡಿದ್ದೇನೆ. ಮೊದಲನೇ ನೋಟ್‌ಬುಕ್ಕನ್ನು ಹೈಸ್ಕೂಲಿಗೆ ಸೇರಿದ ದಿನದಿಂದ ಶುರು ಮಾಡಿದೆ. ಎರಡನೆಯದರಲ್ಲಿ ಕೆಲಸ ಸಿಕ್ಕಿದ್ದು, ಮದುವೆಯಾದದ್ದು, ಹಿರಿಯೂರಿನಲ್ಲಿ ಒಂದಾದ ಮೇಲೊಂದು ಬಾಡಿಗೆ ಮನೆ ಬದಲಾಯಿಸಿದ್ದು ಎಲ್ಲ ಬಂತು. ಓದಿ ನೋಡಿದ ನನ್ನ ಮಗಳು, “ಅಪ್ಪ, ನೀನು ಹುಟ್ಟಿದ್ದೇ ಹೈಸ್ಕೂಲಿನಲ್ಲಾ?” ಎಂದು ನಕ್ಕಳು. ನಾನೂ ನಕ್ಕು ಪುಸ್ತಕ ಮುಚ್ಚಿಟ್ಟೆ. ಅದಕ್ಕಿಂತ ಮುಂಚಿನ ಮೂರು ನಾಲ್ಕು ವರ್ಷಗಳನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳಿದರೆ ಏನನ್ನೂ ಹೇಳಿದಂತಾಗುವುದಿಲ್ಲವೆಂದು ನನಗೆ ಗೊತ್ತಿತ್ತು. ನನ್ನ ಬಾಳಿನ ಅತಿ ಸವಿಯಾದ ದಿನಗಳು ಆ ವರ್ಷಗಳಲ್ಲಿವೆ. ನಾನು ಮಾಡಿದ ಅತಿ ಕೆಟ್ಟ ಕೆಲಸವೂ ಅವುಗಳಲ್ಲೇ ಇದೆ. ಒಂದನ್ನು ಎಳೆದರೆ ಇನ್ನೊಂದು ಬರುತ್ತದೆ. ಹಾಗಾಗಿ ಎರಡನ್ನೂ ಬಿಟ್ಟು ಕೂತಿದ್ದೆ.

ನಮ್ಮ ಮನೆ ಹಿರಿಯೂರಿಗೂ ಮಾರಿಕಣಿವೆಗೂ ನಡುವಿನ ಒಂದು ಹಳ್ಳಿಯಲ್ಲಿ, ನಾಲೆಯ ಏರಿಗೆ ಬೆನ್ನು ಕೊಟ್ಟು ನಿಂತಿತ್ತು. ಅಪ್ಪ ನೀರುಗಂಟಿ. ಯಾರ ಗದ್ದೆಗೆ ಯಾವಾಗ ನೀರು ಬಿಡಬೇಕು, ಯಾರ ತೂಬು ಮುಚ್ಚಬೇಕು ಎಂದು ನೋಡಿಕೊಳ್ಳುವವನು. ದಿನವಿಡೀ ಊರವರ ಜಗಳ ಬಿಡಿಸಿ ಬರುತ್ತಿದ್ದುದರಿಂದ ಮನೆಯಲ್ಲಿ ಅವನಿಗೆ ಮಾತು ಬೇಡವಾಗಿರುತ್ತಿತ್ತು. ಮಣ್ಣಿನ ಮಾಳಿಗೆಯ ಮನೆ; ಮುಂದೆ ಪಡಸಾಲೆ, ಹಿಂದೆ ಅಡುಗೆಯ ಕೋಣೆ, ನಡುವೆ ರಾಗಿ ತುಂಬಿಡುವ ಮಣ್ಣಿನ ವಾಡೆಗಳಿದ್ದ ಕತ್ತಲ ಕೋಣೆ. ಅವ್ವ ಜವನಗೊಂಡನಹಳ್ಳಿ ಕಡೆಯ ಕುರಿ ಸಾಕುವವರ ಮನೆಯಿಂದ ಬಂದವಳು. ಅವಳಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ದೂರದಲ್ಲಿ ಹೋಗುವ ಹಿಂಡಿನ ಗಂಟೆಯ ಸದ್ದು ಕೇಳಿ ಅದು ಯಾರ ಮನೆಯ ಕುರಿಯೆಂದು ಹೇಳುತ್ತಿದ್ದಳು. ಬೆಳಿಗ್ಗೆ ಒಲೆ ಹಚ್ಚುವಾಗ, ಮುದ್ದೆ ತೊಳಸುವಾಗ, ಅವಳ ಗಂಟಲಿನಲ್ಲಿ ಯಾವುದೋ ಪದ ಗುನುಗುತ್ತಲೇ ಇರುತ್ತಿತ್ತು. ಅದು ನಿಂತುಹೋದ ದಿನ ಯಾವುದೆಂದು ನಾನು ಹೇಳಬಲ್ಲೆ.

ಸಣ್ಣತ್ತೆ ನಮ್ಮ ಮನೆಗೆ ಬಂದಾಗ ನನಗೆ ಒಂಬತ್ತು ವರ್ಷ. ಅಪ್ಪನ ಕಿರಿಯ ತಂಗಿ ಆಕೆ. ಹೊಸದುರ್ಗದ ಆಚೆ ಮಾಡದಕೆರೆಗೆ ಕೊಟ್ಟಿದ್ದರು. ಎರಡು ವರ್ಷ ತುಂಬುವುದರೊಳಗೆ ಗಂಡ ತೀರಿಕೊಂಡ. ಒಂದು ತಗಡಿನ ಟ್ರಂಕು ಹಿಡಿದುಕೊಂಡು ಬಸ್ಸಿನಿಂದಿಳಿದಳು. ನಮ್ಮ ಮನೆತನದ ಹೆಂಗಸರಲ್ಲಿ ಏಳನೇ ಕ್ಲಾಸಿನ ಪರೀಕ್ಷೆ ಪಾಸಾದವಳು ಅವಳೊಬ್ಬಳೇ. ಬಂದ ಹೊಸತರಲ್ಲಿ ಗೋಡೆಗೆ ಒರಗಿ ಕೂತಿರುತ್ತಿದ್ದಳು. ಒಂದು ದಿನ ನಾನು ಜೋಳದ ದಂಟು ಅಗಿಯುತ್ತ ಅವಳ ಪಕ್ಕ ಹೋಗಿ ಕೂತೆ. ಅವಳು ನನ್ನ ಕೈಯಿಂದ ದಂಟು ಕಿತ್ತುಕೊಂಡು, ಹಲ್ಲಿನಿಂದ ಸಿಬಿರು ಸುಲಿದು, ಒಳಗಿನ ಬೆಂಡನ್ನು ಮುರಿದು, ಹಿತ್ತಿಲಿನ ಜಾಲಿಯಿಂದ ನಾಲ್ಕು ಮುಳ್ಳು ತರಿಸಿದಳು. ಆ ಮುಳ್ಳೇ ಮೊಳೆ. ನಾನು ನೋಡುತ್ತಿದ್ದಂತೆ ಬೆಂಡು ಎರಡು ಎತ್ತಾಯಿತು, ಸಿಬಿರು ಬಾಗಿ ಚಕ್ರವಾಯಿತು. ಗಾಡಿ ನೆಲದ ಮೇಲೆ ನಿಂತಿತು.

“ಇದು ಓಡ್ತೈತಾ ಅತ್ತೆ?”

“ನೀನು ಎಳದ್ರೆ ಓಡ್ತೈತೆ. ಎಳೀದಿದ್ರೆ ನನ್ನಂಗೆ ಇಲ್ಲೇ ಕುಂತಿರ್ತೈತೆ.”

ಅದು ಅವಳು ನಮ್ಮ ಮನೆಯಲ್ಲಿ ನಕ್ಕ ಮೊದಲ ದಿನ. ಆಮೇಲೆ ಅವಳ ಕೈ ಸುಮ್ಮನಿರಲಿಲ್ಲ. ಹಳೇ ಸೀರೆಯ ಚೂರಿನಿಂದ ನನ್ನ ತಂಗಿಗೆ ಬೊಂಬೆ ಹೊಲಿದಳು. ಅವ್ವ ತವರಿಂದ ತಂದ ಕರಿ ಉಣ್ಣೆ ಅದಕ್ಕೆ ಜಡೆಯಾಯಿತು. ಖಾಲಿ ಬೆಂಕಿಪೊಟ್ಟಣಗಳನ್ನು ಹುಣಸೆಬೀಜದ ಅಂಟಿನಲ್ಲಿ ಒಂದಕ್ಕೊಂದು ಕೂಡಿಸಿ, ಸಾಸಿವೆ, ಸೂಜಿ, ಗುಂಡಿ ಇಡುವ ಸಣ್ಣ ಬೀರು ಮಾಡಿಕೊಟ್ಟಳು. ಬಳೆಗಾರ ಬಂದು ಹೋದ ಮೇಲೆ ಮನೆಮನೆಗೂ ನನ್ನನ್ನು ಅಟ್ಟಿ ಒಡೆದ ಬಳೆ ತರಿಸುತ್ತಿದ್ದಳು. ತನ್ನ ಕೈಗೆ ಬಳೆಯಿಲ್ಲದವಳು ಊರಿನ ಚೂರನ್ನೆಲ್ಲ ಮಡಿಲಿಗೆ ಹಾಕಿಕೊಂಡು, ಬುಡ್ಡಿದೀಪದ ಉರಿಗೆ ಒಂದೊಂದನ್ನೇ ಹಿಡಿದು, ಮೆತ್ತಗಾದಾಗ ಬಗ್ಗಿಸಿ ಕೊಂಡಿ ಮಾಡುತ್ತಿದ್ದಳು. ಕೊಂಡಿಗೆ ಕೊಂಡಿ ಸೇರಿ ಪಡಸಾಲೆಯ ಬಾಗಿಲಿಗೆ ಹಸಿರು, ಕೆಂಪು, ನೀಲಿ ಸರದ ಪರದೆ ಬಂತು. ಅಪ್ಪ ಒಳಗೆ ಬರುವಾಗಲೆಲ್ಲ ಅದು ಗಿಲಗಿಲ ಅನ್ನುತ್ತಿತ್ತು. “ಮನೆಗೆ ಬಂದೆ ಅಂತ ಡಂಗುರ ಹೊಡಿಯೋದು ಬೇರೆ ಕೇಡು,” ಎಂದು ಗೊಣಗಿದರೂ, ಒಂದು ಸರ ಹರಿದಾಗ ತಾನೇ ಕೂತು ಗಂಟು ಹಾಕಿದ.

ಆದರೆ ನನಗೆ ಇವತ್ತಿಗೂ ಮನೆಯೆಂದರೆ ನೆನಪಾಗುವುದು ಕಾಗದದ ಪುಟ್ಟಿಯ ಕೆಲಸ. ನಮ್ಮ ಕಡೆ ಹೆಂಗಸರಿಗೆಲ್ಲ ಅದು ಬರುತ್ತಿತ್ತು. ರದ್ದಿ ಕಾಗದವನ್ನು ಚೂರು ಮಾಡಿ ಬಾನಿಯ ನೀರಿನಲ್ಲಿ ನೆನೆಹಾಕಬೇಕು. ಎರಡು ಮೂರು ದಿನ ಕಳೆದ ಮೇಲೆ ಹಿಂಡಿ ತೆಗೆದು, ನೆನೆದ ಮೆಂತ್ಯದ ಜೊತೆ ಒರಳಿಗೆ ಹಾಕಿ ಕುಟ್ಟಬೇಕು. ಬೆಣ್ಣೆಯಂತಾದ ಮುದ್ದೆಯನ್ನು, ಬೋರಲು ಹಾಕಿದ ಕೊಡದ ಮೇಲೆ ಒದ್ದೆ ಬಟ್ಟೆ ಹೊದಿಸಿ, ಅಂಗೈಯಿಂದ ತಟ್ಟುತ್ತ ಬರಬೇಕು. ಮಾಳಿಗೆಯ ಬಿಸಿಲಿನಲ್ಲಿ ಒಣಗಿದ ಮೇಲೆ ಕೊಡದಿಂದ ಕಳಚಿದರೆ ಪುಟ್ಟಿ. ಅರಿಶಿನ ಬಳಿದು, ಅಂಚಿಗೆ ಕೆಮ್ಮಣ್ಣಿನ ಗೆರೆ ಎಳೆದರೆ ಮುಗಿಯಿತು. ಮೆಂತ್ಯದ ಕಹಿಗೆ ಹುಳ ಹತ್ತಿರ ಬರುವುದಿಲ್ಲ. ಹಿಟ್ಟು, ಮಂಡಕ್ಕಿ, ಹಪ್ಪಳ ಏನು ಬೇಕಾದರೂ ಇಡಬಹುದು. ನಾಲೆಯ ಏರಿಯ ಮೇಲೆ ನಿಂತು ನೋಡಿದರೆ, ನಮ್ಮ ಮಾಳಿಗೆಯ ಮೇಲೆ ಬೋರಲು ಬಿದ್ದ ಆ ಕೊಡಗಳು, ತಲೆ ಬೋಳಿಸಿಕೊಂಡ ಮುದುಕರು ಸಾಲಾಗಿ ಬಿಸಿಲಿಗೆ ಮೈ ಕಾಯಿಸುತ್ತ ಕೂತ ಹಾಗೆ ಕಾಣುತ್ತಿದ್ದವು.

ಕಾಗದ ಎಲ್ಲಿಂದಲೋ ಬರುತ್ತಿತ್ತು. ಅಂಗಡಿಯ ಪೊಟ್ಟಣ, ಹಳೇ ಕ್ಯಾಲೆಂಡರು, ನಾಲೆ ರಿಪೇರಿಗೆ ಬಂದ ಸಿಮೆಂಟಿನ ಚೀಲ. ಎಲ್ಲ ಪಡಸಾಲೆಯ ಒಂದು ಮೂಲೆಯಲ್ಲಿ ಬಂದು ಬೀಳುತ್ತಿದ್ದವು. ಅಕ್ಷರವಿರುವ ಕಾಗದವನ್ನು ಸುಮ್ಮನೆ ಹರಿಯಬಾರದೆಂದು ಸಣ್ಣತ್ತೆಯ ನೇಮ. ಪ್ರತಿಯೊಂದನ್ನೂ ಓದಿ, ಕಣ್ಣಿಗೊತ್ತಿಕೊಂಡು, ಆಮೇಲೆ ಹರಿಯುತ್ತಿದ್ದಳು. ಅವ್ವ ಒರಳಿನ ಮುಂದೆ ನಿಂತು ಒನಕೆ ಹಾಕುತ್ತಿದ್ದರೆ, ಅವಳು ಪಕ್ಕದಲ್ಲಿ ಕೂತು ಪೊಟ್ಟಣ ಬಿಚ್ಚಿ ಜೋರಾಗಿ ಓದುವಳು. ಅರ್ಧ ಕಥೆ, ಅರ್ಧ ಸುದ್ದಿ. ಕಾಗದ ಮುಗಿದಲ್ಲಿಗೆ ಕಥೆ ತುಂಡಾಗುತ್ತಿತ್ತು.

“ಆಮ್ಯಾಕೆ?” ಎಂದು ಅವ್ವ ಒನಕೆ ನಿಲ್ಲಿಸುವಳು.

“ಆಮ್ಯಾಕೆ ಇನ್ನೇನು, ಕಾಗ್ದ ಮುಗೀತು ಅತ್ಗೆ.”

“ಆ ಹುಡ್ಗಿ ಬಾವಿತಾವ ನಿಂತಿದ್ಲಲ್ಲೇ. ನೀರು ಸೇದ್ಕಂಡು ಮನೀಗೆ ಹೋದ್ಲಾ ಇಲ್ವಾ? ಅಷ್ಟಾದ್ರೂ ಹೇಳು. ಇಲ್ದಿದ್ರೆ ಒನಕೆ ನೀನೇ ಹಿಡಿ.”

ಆಗ ಸಣ್ಣತ್ತೆ ತಾನೇ ಕಟ್ಟಿ ಹೇಳುವಳು. ಆ ಹುಡುಗಿಗೆ ಮದುವೆ ಮಾಡಿಸಿ, ಮಕ್ಕಳು ಕೊಟ್ಟು, ಕೆಟ್ಟ ಅತ್ತೆಗೆ ಹಲ್ಲು ಉದುರಿಸಿ ಮುಗಿಸುವಳು. ಅವ್ವ ನಗುತ್ತ ನಗುತ್ತ ಒನಕೆಯ ಪೆಟ್ಟು ತಪ್ಪಿಸುವಳು. ನಾನು ಅವರಿಬ್ಬರ ನಡುವೆ ಹೊಟ್ಟೆಯಡಿಯಾಗಿ ಮಲಗಿ ಕೇಳುತ್ತಿದ್ದೆ. ಮೆಂತ್ಯದ ಕಹಿ ವಾಸನೆ, ಒದ್ದೆ ಕಾಗದದ ಮುಗ್ಗಲು ವಾಸನೆ, ಎರಡು ಹೆಂಗಸರ ನಗೆ. ಇದಕ್ಕಿಂತ ಹೆಚ್ಚಿನದೇನನ್ನೂ ನಾನು ಆಮೇಲೆ ಬಯಸಿಲ್ಲ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಊರಿಗೆ ಗ್ರಾಮಸೇವಕಿ ಬಂದರು. ಕೊಡೆ ಹಿಡಿದ, ದಪ್ಪ ಕನ್ನಡಕದ ಹೆಂಗಸು. ನೀರು ಕೇಳಲು ನಮ್ಮ ಮನೆಗೆ ಬಂದವರು ಬಳೆಯ ಪರದೆ ನೋಡಿ ಬಾಗಿಲಲ್ಲೇ ನಿಂತುಬಿಟ್ಟರು. ಬೀರು ನೋಡಿದರು, ಬೊಂಬೆ ನೋಡಿದರು, ಪುಟ್ಟಿಯನ್ನು ಬೆರಳಿನಿಂದ ಬಡಿದು ನೋಡಿದರು.

“ಇದನ್ನೆಲ್ಲ ಮಾಡಿದೋರು ಯಾರ್ರಿ?”

“ನಮ್ ನಾದಿನಿ ಕಣ್ರಿ ಸರೋಜ. ಕುಂತ್ಕಳ್ರಿ ಮೇಡಮ್ಮೋರೆ,” ಎಂದಳು ಅವ್ವ, ತಾನೇ ಮಾಡಿದಷ್ಟು ಹಿಗ್ಗಿನಿಂದ.

ಹೊಳಲ್ಕೆರೆ ಕಡೆ ಹಳ್ಳಿಗಳಲ್ಲಿ ಬಾಲವಾಡಿ ತೆರೆಯುತ್ತಾರೆ, ಚಿಕ್ಕ ಮಕ್ಕಳಿಗೆ ಆಟ ಹೇಳಿಕೊಡಲು ಇಂಥವರೇ ಬೇಕು, ಏಳನೇ ಕ್ಲಾಸು ಪಾಸಾಗಿದ್ದರೆ ಸಾಕು ಎಂದು ಅವರು ಹೇಳಿದರು. ಸೋಮವಾರ ಜಿಲ್ಲಾ ಕೇಂದ್ರವಾದ ದುರ್ಗದಲ್ಲಿ ಸಂದರ್ಶನ; ಮನೆಯಲ್ಲೇ ಮಾಡಿದ ನಾಲ್ಕು ಆಟದ ಸಾಮಾನು ಮತ್ತು ಸ್ಕೂಲಿನ ಸರ್ಟಿಫಿಕೇಟು ತರಬೇಕು. ಇಷ್ಟು ಹೇಳಿ ನೀರು ಕುಡಿದು ಹೊರಟುಹೋದರು. ಆ ವಾರವೆಲ್ಲ ನಮ್ಮ ಮನೆ ಬೇರೆಯೇ ಆಯಿತು. ಅಪ್ಪ ಮೊದಲು ಒಪ್ಪಲಿಲ್ಲ, ಆಮೇಲೆ ತಂಗಿಯ ಮುಖ ನೋಡಿ ಒಪ್ಪಿದ. ಅವ್ವನಿಗೆ ಹಿಗ್ಗು ಇಳಿದು ಚಿಂತೆ ಹತ್ತಿತು. ಇಬ್ಬರು ಮಾಡುವ ಕೆಲಸವನ್ನು ಇನ್ನು ಒಬ್ಬಳೇ ಮಾಡಬೇಕು. ಮುದ್ದೆ ಬಡಿಸುತ್ತ ಅಂದಳು:

“ಗೊತ್ತಿಲ್ದ ಊರಾಗೆ ಒಂಟಿ ಹೆಣ್ಣು ಹೆಂಗಿರ್ತೀಯೆ? ಇಲ್ಲೇನು ನಿಂಗೆ ಉಣ್ಣಾಕೆ ಕಮ್ಮಿ ಆಗೈತಾ?”

“ಉಣ್ಣಾಕೆ ಕಮ್ಮಿ ಇಲ್ಲ ಅತ್ಗೆ. ನಾನು ಉಂಡ ತಣಿಗೆ ನಂದು ಅನ್ನಂಗಾಗ್ಬೇಕು, ಅಷ್ಟೆ.”

“ಅಂದ್ರೆ ಇದು ನಿಂದಲ್ವಾ? ಹೋಗವ್ವ, ಹೋಗು. ನಾ ಯಾರು ಹಿಡಿಯಾಕೆ.”

ಅದು ಜಗಳವಲ್ಲ, ಪ್ರೀತಿಯ ಮುನಿಸು. ಆದರೆ ಮೂರೇ ದಿನದಲ್ಲಿ ಆ ಮಾತು ಸಾಕ್ಷಿಯಂತೆ ಎದ್ದು ನಿಂತಿತು.

ನನ್ನ ಕಥೆ ಹೇಳುತ್ತೇನೆ. ಸಣ್ಣತ್ತೆ ದುರ್ಗಕ್ಕೆ ಒಯ್ಯಲು ಹೊಸದೊಂದು ಗಾಡಿ ಮಾಡುತ್ತಿದ್ದಳು. ಅಂಥ ಗಾಡಿಯನ್ನು ಅವಳು ನನಗೆ ಯಾವತ್ತೂ ಮಾಡಿಕೊಟ್ಟಿರಲಿಲ್ಲ. ಎತ್ತಿಗೆ ಕೊಂಬಿತ್ತು, ಗಾಡಿಗೆ ಕಮಾನಿತ್ತು, ಒಳಗೆ ಉಣ್ಣೆಯ ಹಾಸಿಗೆಯಿತ್ತು. ಮುಳ್ಳು ತಂದುಕೊಟ್ಟವನು ನಾನೇ.

“ನನ್ನೂ ಕರ್ಕಂಡು ಹೋಗತ್ತೆ.”

“ನಿಮ್ಮವ್ವನ್ನ ಬಿಟ್ಟು ಬರ್ತೀಯೇನ್ಲೇ? ಅಲ್ಲಿ ನಂಗೆ ಮೂವತ್ತು ನಲ್ವತ್ತು ಮಕ್ಳಿರ್ತಾವಂತೆ. ನಿನ್ನ ಎಲ್ಲಿ ಕುಂಡ್ರಿಸ್ಲಿ?” ಎಂದು ನಗೆಯಾಡಿ ನನ್ನ ಕೆನ್ನೆ ಹಿಂಡಿದಳು.

ಅವಳು ಆಟಕ್ಕೆ ಹೇಳಿದ್ದು. ನಾನು ಆ ನಲವತ್ತು ಮಕ್ಕಳನ್ನು ಕಣ್ಣಾರೆ ಕಂಡೆ. ನನ್ನ ಗಾಡಿಯನ್ನು ಎಳೆಯುವ, ನನ್ನ ಅತ್ತೆಯ ಮಡಿಲಿನಲ್ಲಿ ತಲೆಯಿಡುವ ನಲವತ್ತು ಮಕ್ಕಳು.

ಸರ್ಟಿಫಿಕೇಟನ್ನು ಅವಳು ಟ್ರಂಕಿನಿಂದ ತೆಗೆದು, ಹಳೇ ಪೇಪರಿನಲ್ಲಿ ಸುತ್ತಿ, ಪಡಸಾಲೆಯ ಗೂಡಿನಲ್ಲಿಟ್ಟಿದ್ದಳು. ಗೂಡಿನ ಕೆಳಗೇ ರದ್ದಿಯ ಮೂಲೆ. ಗುರುವಾರ ಬೆಳಿಗ್ಗೆ ಅವಳು, “ಅತ್ಗೆ, ನಂಗೆ ಪುರುಸೊತ್ತಿಲ್ಲ. ಮೂಲ್ಯಾಗಿರೋ ಕಾಗ್ದ ಎಲ್ಲ ನೀನೇ ಹರಿದು ಬಾನಿಗೆ ಹಾಕ್ಬಿಡು, ಒಂದು ಹೊಸ ಪುಟ್ಟಿ ಮಾಡ್ಕಂಡು ಹೋಗ್ತೀನಿ,” ಎಂದಳು. ಅವ್ವ ಹಾಗೇ ಮಾಡಿ ಹೊಲಕ್ಕೆ ಹೋದಳು. ಮಧ್ಯಾಹ್ನ ಸಣ್ಣತ್ತೆ ಸೋಮವಾರ ಉಡುವ ಸೀರೆ ಒಗೆಯಲು ನಾಲೆಗೆ ಹೋದಳು. ನಾನು ಗೂಡಿಗೆ ಕೈಹಾಕಿದೆ. ಸುರುಳಿ ಬಿಚ್ಚಿ ಓದಿದೆ. ಅವಳ ಹೆಸರು, ಅವಳ ಅಪ್ಪನ ಹೆಸರು, ನಡತೆ ಉತ್ತಮ, ಕೆಳಗೆ ನೇರಳೆ ಬಣ್ಣದ ದುಂಡು ಮೊಹರು. ದಪ್ಪ ಕಾಗದ, ಸುಲಭಕ್ಕೆ ಹರಿಯಲಿಲ್ಲ. ಉಗುರಿನಷ್ಟು ಉಗುರಿನಷ್ಟು ಚೂರು ಮಾಡಬೇಕೆಂದು ಅವಳೇ ಕಲಿಸಿದ್ದಳು, ಹಾಗೇ ಮಾಡಿದೆ. ತೋಳು ಮುಳುಗುವಷ್ಟು ಬಾನಿಗಿಳಿಸಿ ತಳಕ್ಕೆ ಒತ್ತಿದೆ. ಭಯವಾಯಿತೆಂದು ಬರೆಯಬೇಕೆನಿಸುತ್ತದೆ, ಆದರೆ ಆಗಲಿಲ್ಲ. ಮೈ ಹಗುರಾಯಿತು. ಹೊರಗೆ ಹೋಗಿ ಸಂಜೆಯವರೆಗೂ ಗೋಲಿಯಾಡಿ ಗೆದ್ದು ಬಂದೆ.

ಶನಿವಾರ ಅವ್ವ ಕುಟ್ಟಿ, ತಟ್ಟಿ, ಕೊಡವನ್ನು ಮಾಳಿಗೆಗೇರಿಸಿದಳು. ಭಾನುವಾರ ಬೆಳಿಗ್ಗೆ ಸಣ್ಣತ್ತೆ ಗಂಟು ಕಟ್ಟಲು ಕೂತಳು. ಗೂಡು ಖಾಲಿ. ಟ್ರಂಕು ಕೊಡವಿದರು, ಕೌದಿ ಝಾಡಿಸಿದರು, ರಾಗಿಯ ವಾಡೆಯ ಸಂದಿಗೆ ದೀಪ ಹಿಡಿದರು. ನಾನೂ ಹುಡುಕಿದೆ. ಜಂತೆಯ ಮೇಲೆ ಹತ್ತಿ ನೋಡುತ್ತೇನೆಂದು ಏಣಿ ತಂದವನೂ ನಾನೇ. ಮಧ್ಯಾಹ್ನ, ಹಸಿಯಿದ್ದ ಪುಟ್ಟಿಯನ್ನು ಬಿಸಿಲಿನ ಕಡೆಗೆ ತಿರುಗಿಸಲು ಮಾಳಿಗೆಗೆ ಹೋದ ಸಣ್ಣತ್ತೆ ಬಹಳ ಹೊತ್ತು ಕೆಳಗಿಳಿಯಲಿಲ್ಲ. ಇಳಿದಾಗ ಕೊಡ ಅವಳ ಕಂಕುಳಲ್ಲಿತ್ತು. ಪುಟ್ಟಿಯ ಹೊರಮೈಯಲ್ಲಿ, ಒನಕೆಗೆ ಸಿಗದೆ ಉಳಿದ ಒಂದು ದಪ್ಪ ಚೂರು. ಅದರ ಮೇಲೆ ಹರಡಿಕೊಂಡ ನೇರಳೆ ಬಣ್ಣ, ದುಂಡು ಗೆರೆಯ ಕಾಲುಭಾಗ.

“ಇದೇನು ಅತ್ಗೆ?”

ಅವ್ವ ಬಗ್ಗಿ ನೋಡಿದಳು. “ಏನೇ ಅದು? ನಂಗೇನು ಗೊತ್ತಾಗ್ತೈತೆ.”

“ಗೊತ್ತಾಗಲ್ವಾ? ಗೂಡಿನಾಗಿದ್ದಿದ್ದು ಬಾನಿಗೆ ನಡ್ಕಂಡು ಬಂತಾ? ನಾ ಹೋದ್ರೆ ಕೂಲಿ ಇಲ್ದ ಆಳು ಹೋಗ್ತಾಳೆ ಅಂತ ಹಾಕ್ದೆ, ಅಲ್ವಾ? ಮೊನ್ನೆ ಬಾಯ್ಬಿಟ್ಟು ಅಂದ್ಯಲ್ಲ, ಇಲ್ಲೇನು ಕಮ್ಮಿ ಆಗೈತೆ ಅಂತ!”

“ಸರೋಜಿ! ಬಾಯಿ ಬಿಗಿ ಹಿಡಿದು ಮಾತಾಡೆ. ಮೂಲ್ಯಾಗಿದ್ದಿದ್ದನ್ನ ಹಾಕೀನಿ. ಗೂಡಿಗೆ ಕೈ ಹಚ್ಚಿಲ್ಲ.”

“ಸುಳ್ಳು.”

ಅವ್ವ ಸುತ್ತಲೂ ನೋಡಿದಳು. ಅಪ್ಪ ಜಗಲಿಯ ಮೇಲೆ ತಲೆ ತಗ್ಗಿಸಿ ಕೂತಿದ್ದ. ಅವಳು ಬಂದು ನನ್ನ ರಟ್ಟೆ ಹಿಡಿದು ನಡುವೆ ನಿಲ್ಲಿಸಿದಳು. ಬಲಗೈ ನನ್ನ ತಲೆಯ ಮೇಲಿಟ್ಟಳು. ನಮ್ಮ ಜನದಲ್ಲಿ ಮಕ್ಕಳ ತಲೆ ಮುಟ್ಟಿ ಆಡಿದ ಮಾತಿಗಿಂತ ದೊಡ್ಡ ಮಾತಿಲ್ಲ. ಅದು ಸುಳ್ಳಾದರೆ ಆ ಮಗುವಿಗೇ ತಟ್ಟುತ್ತದೆಂದು ನಂಬಿಕೆ.

“ಇಗಾ, ನನ್ ಮಗನ ತಲೆ ಮ್ಯಾಲೆ ಕೈ ಇಟ್ಟು ಹೇಳ್ತೀನಿ. ನಾನು ಹಾಕಿಲ್ಲ.”

ಮೆಂತ್ಯದ ವಾಸನೆಯ ಕೈ. ನಾನು ಬಾಯಿ ತೆರೆದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ನಾಲ್ಕು ಏಟು ಬೀಳುತ್ತಿತ್ತು, ಅಷ್ಟೆ. ನಾನು ನನ್ನ ಕಾಲಿನ ಹೆಬ್ಬೆರಳು ನೋಡುತ್ತ ನಿಂತೆ.

“ಮಗನ ತಲೆ ಮ್ಯಾಲೆ ಸುಳ್ಳು ಆಣೆ ಇಡ್ತೀಯಲ್ಲ,” ಎಂದಳು ಸಣ್ಣತ್ತೆ, ಮೆಲ್ಲಗೆ. “ನಿನ್ನ ಜೊತೆ ನಂದು ಇಲ್ಲಿಗೆ ಮುಗೀತು ಕಣೆ.”

ಸೋಮವಾರ ಅವಳು ದುರ್ಗಕ್ಕೆ ಹೋದಳು. ಅಪ್ಪ ಜೊತೆಗಿದ್ದ. ಇನ್ನೂ ಪೂರ್ತಿ ಒಣಗದ ಆ ಪುಟ್ಟಿಯನ್ನು ಕೊಡದಿಂದ ಕಳಚಿ, ಬಸ್ಸಿನಲ್ಲಿ ಮಡಿಲ ಮೇಲೆ ಇಟ್ಟುಕೊಂಡು ಕೂತಿದ್ದಳಂತೆ. ಗಾಡಿ, ಬೊಂಬೆ, ಬೀರು ಎಲ್ಲವನ್ನೂ ಅಲ್ಲಿದ್ದವರು ಕೈಯಲ್ಲಿ ಹಿಡಿದು ಹೊಗಳಿದರಂತೆ. ಸರ್ಟಿಫಿಕೇಟ್ ಎಲ್ಲಿದೆಯಮ್ಮ ಎಂದು ಕೇಳಿದಾಗ ಇವಳು ಪುಟ್ಟಿಯನ್ನು ಮೇಜಿನ ಮೇಲಿಟ್ಟು, “ಇದರೊಳಗೈತೆ ಸಾರ್,” ಎಂದಳಂತೆ. ಒಬ್ಬ ನಕ್ಕನಂತೆ. ಇನ್ನೊಬ್ಬರು ಹದಿನೈದು ದಿನದೊಳಗೆ ಸ್ಕೂಲಿನಿಂದ ನಕಲು ಬರೆಸಿ ತನ್ನಿ ಎಂದು ಸಮಾಧಾನವಾಗಿ ಹೇಳಿದರಂತೆ. ನಕಲು ಕೈಗೆ ಬರಲು ಎರಡು ತಿಂಗಳಾಯಿತು. ಅಷ್ಟರಲ್ಲಿ ಆ ಬಾಲವಾಡಿಗೆ ಬೇರೆ ಯಾರೋ ಬಂದಿದ್ದರು.

“ಹಣೇಲಿದ್ರೆ ಬರ್ತಿತ್ತು. ಬಿಡು,” ಎಂದ ಅಪ್ಪ. ಮತ್ತೆ ಆ ಮಾತು ಎತ್ತಲು ಬಿಡಲಿಲ್ಲ.

ನಾನು ಬಯಸಿದ್ದು ನನಗೆ ಸಿಕ್ಕಿತು. ಸಣ್ಣತ್ತೆ ನಮ್ಮ ಮನೆಯಲ್ಲೇ ಉಳಿದಳು. ಆದರೆ ಅವಳ ಕೈ ನಿಂತುಹೋಯಿತು. ದಂಟು ಒಯ್ದು ಕೊಟ್ಟರೆ, “ದೊಡ್ಡೋನಾದೆ, ಹೋಗು, ಓದ್ಕ,” ಎನ್ನುವಳು. ಬಳೆಯ ಪರದೆ ಒಂದೊಂದೇ ಸರ ಕಳಚಿ ಬಿದ್ದು, ಕೊನೆಗೆ ಬರೀ ಮೊಳೆ ಉಳಿಯಿತು. ಒಂದೇ ಒಲೆಯ ಮುಂದೆ ಇಬ್ಬರು ಹೆಂಗಸರು ಒಬ್ಬರಿಗೊಬ್ಬರು ಬೆನ್ನು ಹಾಕಿ ಕೂರುತ್ತಿದ್ದರು. ಮಾತು ನನ್ನ ಮೂಲಕ ಹೋಗಬೇಕಿತ್ತು.

“ನಿಮ್ಮವ್ವಂಗೆ ಹೇಳು, ಸಾರಿಗೆ ಉಪ್ಪಾಗಿಲ್ಲ.”

“ನಿಮ್ಮತ್ತೆಗೆ ಹೇಳು, ಉಪ್ಪು ಅಲ್ಲೇ ಐತೆ.”

ಒಂದು ಗೇಣು ದೂರದಲ್ಲಿ ಕೂತವರ ನಡುವೆ ನಾನು ಹೀಗೆ ಎಷ್ಟು ವರ್ಷ ಓಡಾಡಿದೆನೋ.

ಆ ಮಳೆಗಾಲ ನನಗೆ ಟೈಫಾಯ್ಡ್ ಬಂತು. ಇಪ್ಪತ್ತು ದಿನ ಮಲಗಿದೆ. ಜ್ವರ ಏರಿದ ಒಂದು ಮಧ್ಯಾಹ್ನ ಕಣ್ಣು ಬಿಟ್ಟಾಗ ಅವ್ವ ತಲೆದಿಂಬಿನ ಪಕ್ಕ ಕೂತು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು:

“ನಂಗೆ ಅಕ್ಷರ ಬರಲ್ಲ. ಗೂಡಿನಿಂದ ಜಾರಿ ಕೆಳಗೆ ಬಿದ್ದಿತ್ತೋ ಏನೋ. ಎಲ್ಲ ಬಾಚ್ಕಂಡೆನಲ್ಲ, ಅದನ್ನೂ ಬಾಚ್ಕಂಡಿರ್ಬೇಕು. ಹಾಕ್ದೋಳು ನಾನೇ ಇರ್ಬೇಕು. ಗೊತ್ತಿಲ್ದೆ ನನ್ ಮಗನ ತಲೆ ಮ್ಯಾಲೆ ಆಣೆ ಇಟ್ನಲ್ಲಪ್ಪ.”

ನನಗೆ ಎಚ್ಚರವಿತ್ತು. ನಾನು ಕಣ್ಣು ಮುಚ್ಚಿಕೊಂಡೆ.

ಆಣೆಯ ದೋಷ ನನಗೆ ತಟ್ಟದಿರಲೆಂದು ಅವಳು ಸೋಮವಾರ ಒಂದೇ ಹೊತ್ತು ಉಣ್ಣುವ ಹರಕೆ ಹೊತ್ತಳು. ಒಂದು ವರ್ಷಕ್ಕಲ್ಲ, ಬದುಕಿರುವ ತನಕ. ಅಷ್ಟೇ ಅಲ್ಲ. ಅವತ್ತಿನಿಂದ ಅವಳಿಗೆ ಕಾಗದವೆಂದರೆ ಅಂಜಿಕೆ. ಪುಟ್ಟಿಯ ಕೆಲಸ ಬಿಟ್ಟಳು. ಒಲೆ ಹಚ್ಚಲು ಒಂದು ಪೊಟ್ಟಣ ಹರಿಯಬೇಕಾದರೂ ನನ್ನ ಹತ್ತಿರ ತಂದು, “ಇದು ಬೇಕಾದ್ದಾ, ಬ್ಯಾಡಾದ್ದಾ, ನೋಡಪ್ಪ,” ಎನ್ನುವಳು. ಹುರಿಗಡಲೆ ಕಟ್ಟಿಕೊಟ್ಟ ಕಾಗದ, ಬಸ್ಸಿನ ಟಿಕೆಟ್ಟು, ಬೀಡಿಯ ಸುತ್ತು. ನಾನು ಓದಿದವನಂತೆ ಮಾಡಿ, “ಬ್ಯಾಡಾದ್ದು ಕಣವ್ವ, ಸುಡು,” ಎನ್ನುತ್ತಿದ್ದೆ. ಎಸ್ಸೆಸ್ಸೆಲ್ಸಿ ಮುಗಿಸಿ ನಾನು ಒಂದು ಹೈಸ್ಕೂಲಿನಲ್ಲಿ ಗುಮಾಸ್ತನಾದೆ. ಪ್ರತಿ ಬೇಸಿಗೆಯಲ್ಲೂ ಮಕ್ಕಳಿಗೆ ಸರ್ಟಿಫಿಕೇಟು ಬರೆದು, ಮೊಹರು ಒತ್ತಿ ಕೊಡುವುದು ನನ್ನ ಕೆಲಸವಾಯಿತು. ಮೂವತ್ತಕ್ಕೂ ಹೆಚ್ಚು ವರ್ಷ ಮಾಡಿದೆ. ಇದಕ್ಕಿಂತ ಸರಿಯಾದ ಶಿಕ್ಷೆಯನ್ನು ಯಾರೂ ಯೋಚಿಸಿ ಕೊಡಲಾರರು.

ತಂಗಿಯ ಮದುವೆಯ ಹೊತ್ತಿಗೆ ಇಬ್ಬರೂ ಬೇಕಾದಷ್ಟು ಮಾತಾಡತೊಡಗಿದರು. ಅಕ್ಕಿ ನೆನೆಯಿತಾ, ಸೀರೆ ಬಂತಾ, ಅಷ್ಟೇ. ಅಪ್ಪ ಹೋದ ಮೇಲೆ ಇಬ್ಬರನ್ನೂ ಹಿರಿಯೂರಿಗೆ ಕರೆದುಕೊಂಡು ಬಂದೆ. ನನ್ನ ಹೆಂಡತಿ ಬೇರೆ ಬೇರೆ ಕೋಣೆಯಲ್ಲಿ ಅವರ ಹಾಸಿಗೆ ಹಾಸಿದಳು. ಯಾಕೆಂದು ಕೇಳಲಿಲ್ಲ; ನಾನೂ ಹೇಳಲಿಲ್ಲ.

ಅವ್ವನಿಗೆ ಸಕ್ಕರೆ ಕಾಯಿಲೆ ಬಂದಾಗ ಡಾಕ್ಟರು ಉಪವಾಸ ಕೂಡದೆಂದರು. ಅವಳು ಕೇಳಲಿಲ್ಲ. ಕೊನೆಯ ಸಲ ದುರ್ಗದ ಆಸ್ಪತ್ರೆಯಲ್ಲಿದ್ದಾಗ ಒಂದು ಸೋಮವಾರ ಸಂಜೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

“ಉಣ್ಣವ್ವ. ಈಗ ಹರಕೆ ಎಲ್ಲ ಇಲ್ಲ. ದೇವ್ರು ಯಾವತ್ತೋ ಬಿಟ್ಟವ್ನೆ.”

“ನಿಂಗೆ ಬಂದು ಹೇಳಿದ್ನಾ?” ಎಂದು ನಕ್ಕಳು. ಹಲ್ಲಿಲ್ಲದ ಬಾಯಿ. “ನೀನು ಚೆನ್ನಾಗಿದೀಯ, ನಿನ್ ಮಕ್ಳು ಚೆನ್ನಾಗವ್ರೆ. ಈಟು ವರ್ಷ ಹರಕೆ ನಿನ್ನ ಕಾದೈತೆ. ಈಗ್ಯಾಕೆ ತಪ್ಪಿಸ್ಲಿ?”

ಒಂದು ಮಾತು. ‘ಹಾಕಿದವನು ನಾನು, ನಿನ್ನ ಆಣೆ ನಿಜವಾಗಿತ್ತು’ ಎಂಬ ಒಂದೇ ಮಾತು ಸಾಕಿತ್ತು. ಅದು ನಾಲಿಗೆಯ ತುದಿಗೆ ಬಂದಿತ್ತು. ಪಕ್ಕದ ಮಂಚದವರು ಕೇಳಿಸಿಕೊಳ್ಳುತ್ತಾರೆಂದು ತಡೆದೆ. ಐವತ್ತರ ಹತ್ತಿರದ ಗಂಡಸು, ಗೊತ್ತಿಲ್ಲದ ರೋಗಿಯೊಬ್ಬ ಏನೆಂದುಕೊಂಡಾನೋ ಎಂದು ತಡೆದೆ. ಮನೆಗೆ ಹೋದ ಮೇಲೆ ಹೇಳೋಣವೆಂದುಕೊಂಡೆ. ತಟ್ಟೆ ತೊಳೆದಿಟ್ಟೆ. ಶುಕ್ರವಾರ ಅವಳು ತೀರಿಕೊಂಡಳು.

ಸಣ್ಣತ್ತೆಗೆ ಹೇಳಲು ಇನ್ನೂ ಆರು ವರ್ಷ ತೆಗೆದುಕೊಂಡೆ. ಅವಳ ಕಣ್ಣಿಗೆ ಪೊರೆ ಬಂದಿತ್ತು. ಹಿತ್ತಿಲಲ್ಲಿ ಬಿಸಿಲಿಗೆ ಕೂತಿದ್ದಳು. ನಾನು ಅವಳ ಕಾಲ ಹತ್ತಿರ ಕೂತು ಮೊದಲಿನಿಂದ ಕೊನೆಯವರೆಗೂ ಹೇಳಿದೆ. ತಪ್ಪಾಯಿತು ಎಂದೆ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು.

“ಗಾಡಿ ನಿಂಗೇ ಕೊಟ್ಟಿದ್ರೆ ಆಗ್ತಿತ್ತ?”

“ಗೊತ್ತಿಲ್ಲ ಅತ್ತೆ.”

“ಆ ಕೆಲ್ಸ ಹೋತು, ಹೋಗ್ಲಿ. ಅದಿಲ್ದೆನೂ ಬದುಕ್ದೆ. ನಾನು ಆಕೇನ ಅಂದಿದ್ದಕ್ಕೆ ಏನ್ ಮಾಡ್ಲಿ ಈಗ?” ಅವಳು ಸೆರಗನ್ನು ಕೈಬಿಟ್ಟಳು. “ಗಂಡ ಸತ್ತು ಬಂದಾಗ ನನ್ ತಲೆಗೆ ಎಣ್ಣೆ ಹಚ್ಚಿ ಎರೆದೋಳು ಕಣೋ ಆಕೆ. ನಂಗ್ಯಾಕೆ ಬಂದು ಹೇಳ್ತೀಯ? ತಪ್ಪಾತು ಅಂತ ಕೇಳ್ಬೇಕಾದೋರ ಹತ್ರ ಕೇಳ್ಬೇಕಿತ್ತು. ಏಳು, ಹೋಗು.”

ಎದ್ದು ಹೋದೆ. ಮಾರನೇ ದಿನ ಅವಳೇ ಊಟಕ್ಕೆ ಕರೆದಳು. ಕ್ಷಮಿಸಿದೆನೆಂದು ಹೇಳಲಿಲ್ಲ, ಆದರೆ ಸಾಯುವವರೆಗೂ ನನ್ನ ಕೈಯಿಂದ ಮಾತ್ರೆ ತೆಗೆದುಕೊಂಡಳು. ಅವಳಿಗೆ ನಾನು ತಪ್ಪೊಪ್ಪಿಕೊಂಡದ್ದಾಗಿದೆ, ಅದು ತಡವಾಗಿಯಾದರೂ ಆಗಿದೆ. ಇನ್ನೊಬ್ಬಳಿದ್ದಾಳೆ. ಅಪ್ಪ ಅವಳನ್ನು ‘ಏಯ್’ ಎಂದು ಕರೆದ, ನಾದಿನಿ ಅತ್ತಿಗೆಯೆಂದಳು, ಊರವರು ನೀರುಗಂಟಿಯ ಹೆಂಡತಿಯೆಂದರು, ನಾನು ಅವ್ವ ಎಂದೆ. ಅವಳ ಹೆಸರು ಹಿಡಿದು ಕರೆದವರೇ ನಮ್ಮ ಮನೆಯಲ್ಲಿ ಇರಲಿಲ್ಲ. ನನ್ನ ತಲೆಯ ಮೇಲೆ ಕೈಯಿಟ್ಟು ನಿಜವನ್ನೇ ನುಡಿದು, ಅದು ಸುಳ್ಳಿರಬೇಕೆಂದು ತಾನೇ ನಂಬಿ, ನನಗಾಗಿ ಹಸಿದುಕೊಂಡು ಹೋದವಳು, ನಾನು ತಪ್ಪಾಯಿತೆಂದು ಹೇಳದೆ ಕಳಿಸಿಕೊಟ್ಟವಳು, ಕೆಂಚಮ್ಮ.